ಅರ್ಧ ಗುಳಿಗಿಯ ಲೆಕ್ಕ

ನಮ್ಮ ಕಡೆಯ ಯಾವುದೇ ಔಷಧ ಅಂಗಡಿಗೆ ಹೋಗಿ ನೋಡಿರಿ, ಗಲ್ಲೆಯ ಪಕ್ಕದಲ್ಲಿ ಒಂದು ಹಳೆಯ ಬ್ಲೇಡು ಬಿದ್ದಿರುತ್ತದೆ. ಹಾನಗಲ್ಲಿನಲ್ಲಿರಲಿ, ಹಿರೇಕೆರೂರಿನಲ್ಲಿರಲಿ, ಅದರ ಕೆಲಸ ಒಂದೇ. ದೊಡ್ಡವರ ಗುಳಿಗಿಯನ್ನು ಮಕ್ಕಳಿಗೆಂದು ಕತ್ತರಿಸುವುದು. ಆರು ವರ್ಷದ ಹುಡುಗನಿಗೆ ಅರ್ಧ, ಮೂರು ವರ್ಷದವನಿಗೆ ಪಾವು, ಅದಕ್ಕೂ ಸಣ್ಣದಿದ್ದರೆ ಪುಡಿ ಮಾಡಿ ಪೊಟ್ಟಣ ಕಟ್ಟಿ, "ಸಕ್ಕರಿ ನೀರಾಗ ಕಲಸಿ ಕುಡಸ್ರಿ" ಎಂಬ ಒಂದು ಮಾತು.

ಅರ್ಧ ಎಂದು ನಿಶ್ಚಯಿಸಿದವರು ಯಾರು? ಅಂಗಡಿಯವರನ್ನು ಕೇಳಿದರೆ ಡಾಕ್ಟರ ಕಡೆಗೆ ಬೆರಳು ತೋರಿಸುತ್ತಾರೆ. ಡಾಕ್ಟರು ಪುಸ್ತಕದ ಕಡೆಗೆ ತೋರಿಸುತ್ತಾರೆ. ಪುಸ್ತಕ ತೆರೆದರೆ ಎಷ್ಟೋ ಔಷಧಗಳ ಮುಂದೆ, ಇದು ಮಕ್ಕಳಿಗೆ ಸುರಕ್ಷಿತವೆಂದು ಇನ್ನೂ ಸಿದ್ಧವಾಗಿಲ್ಲ ಎಂಬರ್ಥದ ಒಂದು ಸಾಲು ಇರುತ್ತದೆ. ಅಂದಮೇಲೆ ಅರ್ಧ ಗುಳಿಗಿ ಎಂಬುದು ಬಹಳ ಸಲ ಒಂದು ಅಂದಾಜು. ಅಂದಾಜಿನ ಮೇಲೆ ಔಷಧ ಕೊಟ್ಟು ಏನಾಗುತ್ತದೆಂದು ನೋಡುವುದಕ್ಕೆ ಕನ್ನಡದಲ್ಲಿ ಪ್ರಯೋಗ ಎಂದೇ ಹೆಸರು. ಈ ಪ್ರಯೋಗ ನಮ್ಮ ಊರುಗಳಲ್ಲಿ ನಿತ್ಯ ನಡೆದಿದೆ. ಅದಕ್ಕೆ ಒಪ್ಪಿಗೆ ಪತ್ರವಿಲ್ಲ, ವಹಿಯಿಲ್ಲ, ಕೂಸಿಗೆ ಹೆಚ್ಚುಕಡಿಮೆಯಾದರೆ ಕೇಳುವವರಿಲ್ಲ. ಗುಣವಾದರೂ ಆ ತಿಳಿವಳಿಕೆ ಪಕ್ಕದ ಓಣಿಯ ಕೂಸಿಗೆ ಮುಟ್ಟುವುದಿಲ್ಲ.

ನಾನು ಡಾಕ್ಟರನಲ್ಲ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕುಗಳ ಹೈಸ್ಕೂಲುಗಳಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ಮಾಸ್ತರ. ವರ್ಗಾವಣೆಯ ಪುಣ್ಯದಿಂದ ನಾಲ್ಕೂ ಕಡೆಯ ನೀರು ಕುಡಿದಿದ್ದೇನೆ, ನಾಲ್ಕೂ ಕಡೆಯ ದವಾಖಾನಿಯ ಬಾಕಿನ ಮೇಲೆ ಕೂತಿದ್ದೇನೆ. ಈ ವಿಷಯದಲ್ಲಿ ಬಾಯಿ ಹಾಕಲು ನನಗಿರುವ ಅಧಿಕಾರ ಅಷ್ಟೇ.

2021ರ ಮೇ ತಿಂಗಳಲ್ಲಿ, 2ರಿಂದ 18 ವರ್ಷದ 525 ಮಕ್ಕಳ ಮೇಲೆ ಕೋವಿಡ್ ಲಸಿಕೆಯನ್ನು ಪರೀಕ್ಷಿಸಲು ಸರಕಾರ ಅನುಮತಿ ಕೊಟ್ಟಿತೆಂಬ ಸುದ್ದಿ ಬಂದಾಗ ಶಿಗ್ಗಾಂವಿಯ ಚಹಾದಂಗಡಿಯಲ್ಲಿ ಒಬ್ಬ ತರುಣ ಪೇಪರು ಮಡಚಿ ಒಗೆದು, "ನಮ್ಮ ಮಕ್ಕಳೇನು ಇಲಿ ಅದಾವೇನು?" ಎಂದ. ಕೂತವರೆಲ್ಲ ಹೌದೆಂದರು. ಈ ಮಾತು ಕೇಳಲು ಖಡಕ್ಕಾಗಿದೆ, ಭಾಷಣಕ್ಕೂ ಒಗ್ಗುತ್ತದೆ. ಅದರೊಳಗಿನ ಸಿಟ್ಟೂ ಸುಳ್ಳಲ್ಲ. ಆದರೆ ಅದೇ ತರುಣ ಸಂಜೆ ಮಗನಿಗೆ ಜ್ವರ ಬಂದಾಗ ಪಾವು ಗುಳಿಗಿ ತರಲು ಅದೇ ಬ್ಲೇಡಿನ ಅಂಗಡಿಗೇ ಹೋಗುತ್ತಾನೆ. ಅವನ ಮಗನನ್ನು ಇಲಿ ಮಾಡಿದ್ದು ಯಾವುದು?

ಮಗು ಎಂದರೆ ಅಳತೆಯಲ್ಲಿ ಸಣ್ಣದಾದ ದೊಡ್ಡವನಲ್ಲ. ಆಗತಾನೆ ಹುಟ್ಟಿದ ಕೂಸಿನ ಯಕೃತ್ತು ಔಷಧವನ್ನು ಅರಗಿಸಲು ಇನ್ನೂ ಕಲಿತಿರುವುದಿಲ್ಲ, ಮೂತ್ರಪಿಂಡ ಹೊರಹಾಕಲು ಕಲಿತಿರುವುದಿಲ್ಲ. ವಿಷಮಶೀತ ಜ್ವರಕ್ಕೆ ಒಂದು ಕಾಲದಲ್ಲಿ ಮನೆಮಾತಾಗಿದ್ದ ಕ್ಲೋರೋಮೈಸೆಟಿನ್ ಹಿರಿಯರಿಗೆ ನೆನಪಿರಬಹುದು. ಅಮೆರಿಕದ ಆಸ್ಪತ್ರೆಗಳಲ್ಲಿ ಅದನ್ನು ದಿನ ತುಂಬದೆ ಹುಟ್ಟಿದ ಕೂಸುಗಳಿಗೆ, ಸೋಂಕು ತಗಲದಿರಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಕೊಡುತ್ತಿದ್ದರು. ಕೂಸುಗಳು ಬೂದಿ ಬಣ್ಣಕ್ಕೆ ತಿರುಗಿ ಸಾಯುತ್ತಿದ್ದವು. ದಿನ ತುಂಬದ ಕೂಸು, ಉಳಿಯಲಿಲ್ಲ ಎಂದು ಎಲ್ಲರೂ ಸುಮ್ಮನಾಗುತ್ತಿದ್ದರು. ಲಾಸ್ ಏಂಜಲೀಸಿನ ಕೆಲವು ವೈದ್ಯರು ಕೂಸುಗಳನ್ನು ಗುಂಪು ಮಾಡಿ, ಕೆಲವಕ್ಕೆ ಈ ಔಷಧ ಕೊಟ್ಟು ಕೆಲವಕ್ಕೆ ಕೊಡದೆ ಎಣಿಸಿ ನೋಡಿದರು. ಕೊಡದ ಗುಂಪಿನಲ್ಲಿ ಸುಮಾರು ಐದಕ್ಕೆ ಒಂದು ಕೂಸು ಸತ್ತಿತ್ತು, ಕೊಟ್ಟ ಗುಂಪಿನಲ್ಲಿ ಐದಕ್ಕೆ ಮೂರು. 1959ರಲ್ಲಿ ಇದು ಅಚ್ಚಾದ ಮೇಲೆಯೇ ಆ ರೂಢಿ ನಿಂತದ್ದು. ಎಣಿಸದೆ ಇದ್ದಿದ್ದರೆ ಇನ್ನೆಷ್ಟು ವರ್ಷ ನಡೆಯುತ್ತಿತ್ತೋ.

ಅಮೆರಿಕದ ಮಾತು ಬಿಡೋಣ. ನಮ್ಮಲ್ಲಿ ಮಕ್ಕಳ ಜ್ವರಕ್ಕೆ ನಿಮೆಸುಲೈಡ್ ಎಂಬ ಔಷಧದ ಸಿರಪ್ಪನ್ನು ವರ್ಷಾನುಗಟ್ಟಲೆ ಕುಡಿಸಿದರು. ಜ್ವರ ಚಟ್ಟನೆ ಇಳಿಯುತ್ತಿತ್ತು, ತಾಯಂದಿರು ಖುಷಿ, ಅಂಗಡಿಯವರು ಖುಷಿ. ಯಕೃತ್ತಿಗೆ ಅಪಾಯವೆಂಬ ಕೂಗು ಎದ್ದು, 12 ವರ್ಷದೊಳಗಿನ ಮಕ್ಕಳಿಗೆ ಅದು ಕೂಡದೆಂದು ಭಾರತ ಸರಕಾರ ನಿಷೇಧ ಹಾಕಿದ್ದು 2011ರಲ್ಲಿ. ನೆಗಡಿಗೆ ಕೊಡುವ ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್ಎಫ್ರಿನ್ ಬೆರೆಸಿದ ಹನಿಗಳ ಕಥೆಯೂ ಅದೇ. ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದೆಂದು ಸೀಸೆಯ ಮೇಲೆ ಬರೆಯಿರಿ ಎಂದು ಔಷಧ ನಿಯಂತ್ರಕರು ಹೇಳಿದ್ದು 2023ರ ಡಿಸೆಂಬರಿನಲ್ಲಿ. ಅಷ್ಟರೊಳಗೆ ನಮ್ಮ ನಾಲ್ಕು ತಾಲೂಕುಗಳಲ್ಲಿ ಎಷ್ಟು ಕೂಸುಗಳ ಮೂಗು ಬಾಯಿಗೆ ಆ ಹನಿ ಬಿದ್ದಿದೆಯೋ ಯಾರು ಬರೆದಿಟ್ಟಿದ್ದಾರೆ?

ಈಗ ಬರೆದಿಟ್ಟ ಪ್ರಯೋಗಗಳ ಮಾತು. ಭೇದಿಯಾದ ಮಗುವಿಗೆ ಆಶಾ ಕಾರ್ಯಕರ್ತೆ ಓಆರ್‌ಎಸ್ ಪೊಟ್ಟಣದ ಜೊತೆಗೆ 14 ದಿನ ಕೊಡಿರೆಂದು ಸಣ್ಣ ಸತುವಿನ ಗುಳಿಗಿ ಕೊಡುತ್ತಾಳಲ್ಲ, ಅದು ಆಕಾಶದಿಂದ ಉದುರಿದ್ದಲ್ಲ. ದಿಲ್ಲಿಯ ಬಡವರ ಬಸ್ತಿಯ 937 ಮಕ್ಕಳಲ್ಲಿ ಕೆಲವರಿಗೆ ಸತುವು ಸೇರಿಸಿ, ಉಳಿದವರಿಗೆ ಸೇರಿಸದೆ ನೋಡಿದ ಒಂದು ಪರೀಕ್ಷೆ 1995ರಲ್ಲಿ ಅಚ್ಚಾಯಿತು. ಸತುವು ತಿಂದವರ ಭೇದಿ ಬೇಗ ನಿಂತಿತ್ತು. ಅಂಥ ಹಲವು ಪರೀಕ್ಷೆಗಳಾದ ಮೇಲೆ 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಅದನ್ನು ಜಗತ್ತಿಗೆಲ್ಲ ಹೇಳಿದವು. ದಿಲ್ಲಿಯ ಆ ತಾಯಂದಿರು ಮಕ್ಕಳನ್ನು ಕೊಡದೆ ಇದ್ದರೆ ಹಾನಗಲ್ಲಿನ ಅಂಗನವಾಡಿಯಲ್ಲಿ ಇವತ್ತು ಆ ಗುಳಿಗಿ ಇರುತ್ತಿರಲಿಲ್ಲ.

ಇನ್ನೂ ಹತ್ತಿರದ್ದು ಬೆಳಗಾವಿಯದು. ಇದನ್ನು ಸ್ವಲ್ಪ ಸಾವಕಾಶವಾಗಿ ಹೇಳಬೇಕು, ಯಾಕೆಂದರೆ ಪ್ರಯೋಗ ಏಕೆ ಬೇಕೆಂದು ಕೇಳುವವರಿಗೆ ನನ್ನ ಬಳಿ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ದಿನ ತುಂಬುವ ಮೊದಲೇ ಹೆರಿಗೆಯಾಗುವಂತಿದ್ದರೆ ತಾಯಿಗೆ ಒಂದು ಬಗೆಯ ಸ್ಟಿರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ, ಹೊಟ್ಟೆಯೊಳಗಿನ ಕೂಸಿನ ಪುಪ್ಪುಸ ಬೇಗ ಬಲಿಯಲೆಂದು. ನ್ಯೂಜಿಲೆಂಡಿನಲ್ಲಿ 1972ರಲ್ಲೇ ಇದರ ಗುಣ ತೋರಿಸಿದ್ದರು, ಶ್ರೀಮಂತ ದೇಶಗಳ ದೊಡ್ಡ ಆಸ್ಪತ್ರೆಗಳಲ್ಲಿ ಲೆಕ್ಕವಿಲ್ಲದಷ್ಟು ಕೂಸುಗಳು ಇದರಿಂದ ಉಳಿದಿವೆ. ಹಾಗಿದ್ದರೆ ಹಳ್ಳಿಹಳ್ಳಿಗೂ ಒಯ್ಯೋಣ ಎಂದು ಆರು ದೇಶಗಳಲ್ಲಿ ಒಂದು ಪ್ರಯೋಗ ಮಾಡಿದರು. ನಮ್ಮ ದೇಶದಲ್ಲಿ ಬೆಳಗಾವಿ ಮತ್ತು ನಾಗಪುರದ ಸುತ್ತಲಿನ ಹಳ್ಳಿಗಳು ಅದರಲ್ಲಿದ್ದವು. ಸುಮಾರು ಒಂದು ಲಕ್ಷ ಹೆರಿಗೆಗಳ ಲೆಕ್ಕ. 2015ರಲ್ಲಿ ಫಲಿತಾಂಶ ಬಂದಾಗ ದೊಡ್ಡ ದೊಡ್ಡವರು ಬೆಚ್ಚಿಬಿದ್ದರು. ಇಂಜೆಕ್ಷನ್ ಒಯ್ದ ಹಳ್ಳಿಗಳಲ್ಲಿ ಜೀವಂತ ಹುಟ್ಟಿದ ಸಾವಿರ ಕೂಸುಗಳಲ್ಲಿ ತಿಂಗಳೊಳಗೆ ಸತ್ತವು 27.4, ಒಯ್ಯದ ಹಳ್ಳಿಗಳಲ್ಲಿ 23.9. ಜೀವ ಉಳಿಸುವ ಔಷಧ, ಕೊಟ್ಟವರೂ ಒಳ್ಳೆಯವರು, ಆದರೂ ಸಾವು ಹೆಚ್ಚಾಗಿತ್ತು.

ಅಲ್ಲಿಗೆ ಬಿಟ್ಟಿದ್ದರೆ ಅರ್ಧ ಸತ್ಯವೇ ಉಳಿಯುತ್ತಿತ್ತು. ಹೆರಿಗೆಯ ದಿನ ಸರಿಯಾಗಿ ಅಳೆಯಬಲ್ಲ, ಕೂಸನ್ನು ನೋಡಿಕೊಳ್ಳುವ ವ್ಯವಸ್ಥೆಯಿರುವ ಆಸ್ಪತ್ರೆಗಳಲ್ಲಿ ಏನಾಗುತ್ತದೆಂದು ಮತ್ತೊಂದು ಪರೀಕ್ಷೆ ನಡೆಯಿತು, ಐದು ದೇಶಗಳಲ್ಲಿ. ಬೆಳಗಾವಿಯ ಮೆಡಿಕಲ್ ಕಾಲೇಜಿನವರು ಅದರಲ್ಲೂ ಇದ್ದರು. 2020ರಲ್ಲಿ ಅದರ ಉತ್ತರ ಬಂತು: ಇಂಜೆಕ್ಷನ್ ಪಡೆದ ತಾಯಂದಿರ ಕೂಸುಗಳಲ್ಲಿ ನೂರಕ್ಕೆ 19.6 ಸತ್ತಿದ್ದರೆ, ಬರೀ ನೀರಿನಂಥ ಇಂಜೆಕ್ಷನ್ ಪಡೆದವರಲ್ಲಿ 23.5. ಒಳ್ಳೆಯದೆಂದು ಖಚಿತವಾದ ಕೂಡಲೇ ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು. ಅದೇ ಔಷಧ, ಅದೇ ಬೆಳಗಾವಿ. ಎಲ್ಲಿ, ಯಾರಿಗೆ, ಯಾವಾಗ ಎಂಬುದರ ಮೇಲೆ ಕೂಸಿನ ಜೀವ ನಿಂತಿತ್ತು. ಇದನ್ನು ಯಾವ ಅನುಭವಿ ಡಾಕ್ಟರ ಅಂದಾಜೂ ಹೇಳುವಂತಿರಲಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಚಹಾದಂಗಡಿಯ ತರುಣನನ್ನು ನಕ್ಕು ಬಿಡುವಂತಿಲ್ಲ. ಅವನ ಸಿಟ್ಟಿಗೆ ಕಾರಣಗಳಿವೆ, ಮತ್ತು ಆ ಕಾರಣಗಳನ್ನು ಒದಗಿಸಿದವರು ಓದಿಕೊಂಡವರು.

ಪಕ್ಕದ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ 2009ರಲ್ಲಿ 10ರಿಂದ 14 ವರ್ಷದ ಸುಮಾರು ಹದಿನಾಲ್ಕು ಸಾವಿರ ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿದರು. ಪ್ರಯೋಗ ಎನ್ನಲಿಲ್ಲ, 'ಪ್ರಾತ್ಯಕ್ಷಿಕೆ' ಎಂದು ಹೆಸರಿಟ್ಟರು. ಹೆಸರು ಬದಲಿಸಿದರೆ ನಿಯಮಗಳು ಬೆನ್ನು ಹತ್ತುವುದಿಲ್ಲವಲ್ಲ! ಗುಜರಾತಿನ ವಡೋದರಾದಲ್ಲೂ ಇದೇ ನಡೆದಿತ್ತು. ಎರಡೂ ಕಡೆ ಕೂಡಿ ಏಳು ಹುಡುಗಿಯರು ತೀರಿಕೊಂಡ ಸುದ್ದಿಯಾಗಿ 2010ರ ಏಪ್ರಿಲಿನಲ್ಲಿ ಅದನ್ನು ನಿಲ್ಲಿಸಿದರು. ಸಾವಿಗೂ ಲಸಿಕೆಗೂ ಸಂಬಂಧ ಕಾಣುವುದಿಲ್ಲವೆಂದು ವಿಚಾರಣಾ ಸಮಿತಿ ಹೇಳಿತು, ಅದನ್ನು ನಾನೂ ಒಪ್ಪುತ್ತೇನೆ. ಲಸಿಕೆ ಕೆಟ್ಟದಲ್ಲ, ಜಗತ್ತಿನಲ್ಲೆಲ್ಲ ಹಾಕುತ್ತಾರೆ. ನನ್ನನ್ನು ಕೆರಳಿಸಿದ್ದು ಬೇರೆ ಲೆಕ್ಕ. 2013ರ ಆಗಸ್ಟಿನಲ್ಲಿ ಸಂಸದೀಯ ಸಮಿತಿ ಕೊಟ್ಟ ವರದಿಯಲ್ಲಿ ಅದು ಇದೆ. ಆಂಧ್ರದ 9,543 ಒಪ್ಪಿಗೆ ಪತ್ರಗಳನ್ನು ತೆಗೆದು ನೋಡಿದರೆ 1,948ರ ಮೇಲೆ ಹೆಬ್ಬೆಟ್ಟು, 2,763ರ ಮೇಲೆ ಹಾಸ್ಟೆಲಿನ ವಾರ್ಡನ್ನರ ಸಹಿ. ತಾಯಿತಂದೆ ಕಾಡಂಚಿನ ಊರುಗಳಲ್ಲಿ ಕೂಲಿಗೆ ಹೋಗಿದ್ದಾರೆ, ಇತ್ತ ಮಗಳ ಮೈಗೆ ಒಪ್ಪಿಗೆಯನ್ನು ವಾರ್ಡನ್ ಕೊಟ್ಟಿದ್ದಾನೆ. ಮಾಸ್ತರನಾಗಿ ನಾನು ಸಾವಿರಾರು ಪ್ರಗತಿ ಪತ್ರಗಳಿಗೆ ಪಾಲಕರ ಸಹಿ ತರಿಸಿದವನು. ಮೂವತ್ತೈದು ಅಂಕಕ್ಕೆ ಬೇಕಾದ ತಂದೆಯ ಸಹಿ ಸೂಜಿಗೆ ಬೇಡವೇ?

ದಿಲ್ಲಿಯ ಏಮ್ಸ್ ಆಸ್ಪತ್ರೆಯ ಪ್ರಕರಣವೂ ಅಂಥದೇ. 2006ರಿಂದ ಎರಡೂವರೆ ವರ್ಷದಲ್ಲಿ ಅಲ್ಲಿ 42 ಪ್ರಯೋಗಗಳಲ್ಲಿ 4,142 ಮಕ್ಕಳಿದ್ದರು, ಅವರಲ್ಲಿ 49 ಮಕ್ಕಳು ತೀರಿಕೊಂಡರು. ಬಂದ ಮಕ್ಕಳೇ ಬಹಳ ಅಸ್ವಸ್ಥರು, ಔಷಧದಿಂದ ಸತ್ತವರಲ್ಲ ಎಂದಿತು ಆಸ್ಪತ್ರೆ. ಇರಬಹುದು. ದೇಶದ ದೊಡ್ಡಾಸ್ಪತ್ರೆಗೆ ಹೋಗುವ ಕೂಸುಗಳು ಎಂಥ ಸ್ಥಿತಿಯಲ್ಲಿರುತ್ತವೆಂದು ಗೊತ್ತಿದ್ದವರು ಬರೀ 49 ಎಂಬ ಅಂಕಿ ಹಿಡಿದು ಕೊಲೆ ಎನ್ನಲಾರರು. ಆದರೆ ಆ ಅಂಕಿಯನ್ನು ಮಾಹಿತಿ ಹಕ್ಕಿನ ಅರ್ಜಿ ಹಾಕಿ ಹೊರಗೆ ಎಳೆಯಬೇಕಾಯಿತು, 2008ರಲ್ಲಿ. ತಾವಾಗಿಯೇ ಹೇಳಿದ್ದರೆ ಅದು ವಿವರಣೆ ಆಗುತ್ತಿತ್ತು, ಎಳೆದು ತೆಗೆದಾಗ ಆರೋಪವಾಯಿತು. ಅದೇ ವರ್ಷ ಬೆಂಗಳೂರಿನಲ್ಲಿ ನ್ಯುಮೋನಿಯಾ ತಡೆಯುವ ಲಸಿಕೆಯ ಪ್ರಯೋಗವೊಂದರಲ್ಲಿದ್ದ ಕೂಸು ಸತ್ತು, ಪ್ರಯೋಗವನ್ನು ಔಷಧ ನಿಯಂತ್ರಕರು ತಡೆದರು. ಆ ಜಾತಿಯ ಲಸಿಕೆಯನ್ನು ಇವತ್ತು ಸರಕಾರಿ ದವಾಖಾನಿಯಲ್ಲಿ ಆರು ವಾರಕ್ಕೆ, ಹದಿನಾಲ್ಕು ವಾರಕ್ಕೆ, ಒಂಬತ್ತು ತಿಂಗಳಿಗೆ ಪುಕ್ಕಟೆ ಹಾಕುತ್ತಾರೆ, ನನ್ನ ಮೊಮ್ಮಗಳಿಗೂ ಹಾಕಿಸಿದೆವು. ಜನ ಮಾತ್ರ ನೆನಪಿಟ್ಟುಕೊಂಡಿದ್ದು ಆ ಕೂಸಿನ ಸುದ್ದಿಯನ್ನು.

ಸವಣೂರಿನಲ್ಲಿದ್ದಾಗ ನಮ್ಮ ಓಣಿಯ ಒಬ್ಬ ತಾಯಿ ಕಾಗದಗಳ ಒಂದು ಕಟ್ಟು ಹಿಡಿದುಕೊಂಡು ಬಂದಳು. ಏಳನೆಯ ಇಯತ್ತೆವರೆಗೆ ಕಲಿತವಳು, ಎಲೆ ವ್ಯಾಪಾರದ ಮನೆಯವಳು. ಮಗನಿಗೆ ಮೂರ್ಛೆ. ದೊಡ್ಡ ಊರಿನ ಒಂದು ದವಾಖಾನಿಯಲ್ಲಿ ಹೊಸ ಔಷಧದ ಪ್ರಯೋಗಕ್ಕೆ ಅವನನ್ನು ಸೇರಿಸುತ್ತೀರಾ ಎಂದು ಕೇಳಿ ಈ ಕಟ್ಟು ಕೊಟ್ಟಿದ್ದರು. ಹದಿನಾಲ್ಕು ಪುಟ. ಅಕ್ಷರ ಕನ್ನಡದ್ದು. ಯಾದೃಚ್ಛೀಕರಣ, ದ್ವಿ-ಅಂಧ, ಪ್ರತಿಕೂಲ ಘಟನೆ, ಔಷಧ ಚಲನಶಾಸ್ತ್ರ ಮುಂತಾದ ಶಬ್ದಗಳು ಸಾಲುಸಾಲಾಗಿ ನಿಂತಿದ್ದವು. 'ದ್ವಿ-ಅಂಧ' ಎಂಬಲ್ಲಿ ಬೆರಳಿಟ್ಟು ಅವಳು, "ಸರ್, ಈ ಔಷಧಾ ಕುಡಿದ್ರ ಎರಡೂ ಕಣ್ಣು ಹೋಗತಾವಂತೇನ್ರಿ?" ಎಂದು ಕೇಳಿದಳು. ನಗಬೇಡಿರಿ. ಆ ಶಬ್ದಕ್ಕೆ ಅವಳು ಮಾಡಿದ ಅರ್ಥವೇ ಸರಿಯಾದ ಅರ್ಥ. ತಪ್ಪು ಮಾಡಿದವನು ಇಂಗ್ಲಿಷನ್ನು ಹಿಡಿದು ಸಂಸ್ಕೃತದಲ್ಲಿ ಅದ್ದಿ ತೆಗೆದು ಕನ್ನಡವೆಂದು ಮಾರಿದವನು.

ಮರುದಿನ ಆ ದವಾಖಾನಿಗೆ ನಾನೇ ಫೋನು ಮಾಡಿದೆ. ಆ ಕಡೆಯಿಂದ ಬಂದ ಉತ್ತರ: "ಹಳ್ಳಿ ಮಂದಿಗೆ ಇದೆಲ್ಲ ಎಲ್ಲಿ ತಿಳೀತದ ಸರ್, ಕಾಯದೆಗೆ ಬೇಕು ಅಂತ ಕೊಡತೀವಿ."

ಈ ಮಾತಿನ ಜೊತೆಗೇ ನನ್ನ ಜಗಳ. ತಿಳಿಯುವುದಿಲ್ಲ ಎಂಬುದು ಸುಳ್ಳು. ಹಿರೇಕೆರೂರಿನ ಕಡೆಯ ಒಬ್ಬ ರೈತನೊಡನೆ ಬಸ್ಸು ಕಾಯುತ್ತ ಈ ವಿಷಯ ತೆಗೆದಿದ್ದೆ. ಗೋವಿನಜೋಳದ ಬೀಜದ ಕಂಪನಿಯವರು ಅವನ ಹೊಲದಲ್ಲಿ ಹೊಸ ತಳಿ ಹಾಕಿ ನೋಡಿದ್ದರಂತೆ. ಒಂದು ಹೊಸ ಔಷಧ ಚಲೋನೋ ಅಲ್ಲೋ ಹೇಗೆ ಕಂಡುಹಿಡಿಯುವುದು ಎಂದು ಕೇಳಿದೆ.

"ಅದರಾಗೇನೈತ್ರಿ ಮಾಸ್ತರ, ಬೀಜಾ ನೋಡಿಧಾಂಗ. ಅರ್ಧಕ್ಕ ಹೊಸಾದು, ಅರ್ಧಕ್ಕ ಹಳೇದು."

"ಚಲೋ ನೆಲಕ್ಕೆಲ್ಲ ಹೊಸಾದು ಹಾಕಿದ್ರ?"

"ಹಂಗ ಹಾಕಿದ್ರ ಬೀಜ ಗೆದ್ದೈತೋ ನೆಲ ಗೆದ್ದೈತೋ ಹೆಂಗ ಗೊತ್ತಾಗಬೇಕ್ರಿ? ಚೀಟಿ ಎತ್ತಿ ಹಾಕಬೇಕು." ಯಾದೃಚ್ಛೀಕರಣ ಮುಗಿಯಿತು. ಸ್ವಲ್ಪ ಯೋಚಿಸಿ ಅವನೇ ಮುಂದುವರಿಸಿದ: "ಮತ್ತ ಗೊಬ್ಬರ ಹಾಕೋ ಆಳಿಗೆ ಯಾ ಸಾಲು ಯಾವ್ದಂತ ಹೇಳಬಾರದ್ರಿ. ಹೇಳಿದ್ರ ಹೊಸಾದಕ್ಕ ಒಂದು ಬೊಗಸಿ ಹೆಚ್ಚಿಗಿ ಒಗೀತಾನ." ಇದೇ ನೋಡಿ ಆ 'ದ್ವಿ-ಅಂಧ'. ಕುಡಿಯುವವರಿಗೂ ಕುಡಿಸುವವರಿಗೂ ಯಾವ ಸೀಸೆಯಲ್ಲಿ ಏನಿದೆಯೆಂದು ಗೊತ್ತಿರಬಾರದು, ಅಷ್ಟೇ.

ಆಮೇಲೆ ಅವನು ಕೇಳಿದ ಪ್ರಶ್ನೆ ಆ ಹದಿನಾಲ್ಕು ಪುಟಗಳಿಗಿಂತ ಮೇಲಿನದು. "ಹೊಲಾ ಕೆಟ್ರ ಒಂದು ಹಂಗಾಮು ಹೋತು. ಕೂಸು ಕೆಟ್ರ ಏನು ಮಾಡಾವ್ರಿ?"

ಇದಕ್ಕೆ ಉತ್ತರವಿದೆ, ಮತ್ತು ಅದನ್ನು ಬಸ್ ಸ್ಟ್ಯಾಂಡಿನಲ್ಲಿ ಹೇಳಬಹುದು. ಔಷಧವನ್ನು ಸಾಮಾನ್ಯವಾಗಿ ಮೊದಲು ದೊಡ್ಡವರಲ್ಲಿ ನೋಡುತ್ತಾರೆ, ಆಮೇಲೆ ದೊಡ್ಡ ಮಕ್ಕಳಲ್ಲಿ, ಅಲ್ಲಿ ಸರಿಯೆನಿಸಿದರೆ ಸಣ್ಣವರಲ್ಲಿ. ಒಂದು ರೋಗಕ್ಕೆ ಈಗಾಗಲೇ ಒಳ್ಳೆಯ ಔಷಧವಿದ್ದರೆ ಹೊಸದನ್ನು ಅದರ ಜೊತೆಗೆ ಹೋಲಿಸಬೇಕು, ಆ ಔಷಧ ತಪ್ಪಿಸಿ ಮಗುವಿಗೆ ಬರೀ ಸಪ್ಪೆ ಗುಳಿಗಿ ನುಂಗಿಸಿ ಕೂಡ್ರಿಸುವಂತಿಲ್ಲ. ದೊಡ್ಡ ಪ್ರಯೋಗಗಳಲ್ಲಿ ಅದಕ್ಕೆ ಸೇರದ ತಿಳಿದವರ ಒಂದು ಮಂಡಳಿ ನಡುನಡುವೆ ಲೆಕ್ಕ ಬಿಚ್ಚಿ ನೋಡಿ, ಕೆಡುಕು ಕಂಡರೆ ನಿಲ್ಲಿಸಿರೆನ್ನುತ್ತದೆ. ಒಪ್ಪಿಗೆ ಕೊಡುವ ನೈತಿಕ ಸಮಿತಿಯಲ್ಲಿ ಡಾಕ್ಟರಲ್ಲದ ಸಾಮಾನ್ಯರೊಬ್ಬರು ಮತ್ತು ಕಾನೂನು ಬಲ್ಲವರೊಬ್ಬರು ಇರಲೇಬೇಕು. 2019ರ ನಿಯಮಗಳ ಪ್ರಕಾರ ಪ್ರಯೋಗದಲ್ಲಿ ಕೂಸಿಗೆ ತೊಂದರೆಯಾದರೆ ಚಿಕಿತ್ಸೆ ಪುಕ್ಕಟೆ, ತೊಂದರೆ ಪ್ರಯೋಗದಿಂದಲೇ ಆದದ್ದಾದರೆ ಪರಿಹಾರವನ್ನೂ ಕೊಡಬೇಕು. ಓದು ಬಾರದವರಿದ್ದರೆ ದವಾಖಾನಿಗೆ ಸಂಬಂಧಪಡದ ಸಾಕ್ಷಿಯೊಬ್ಬರು ಎದುರಿಗೆ ಕೂತಿರಬೇಕು. ಏಳು ವರ್ಷ ದಾಟಿದ ಹುಡುಗನನ್ನೂ ಕೇಳಬೇಕು. ಅಪ್ಪ ಹೂಂ ಎಂದರೂ ಹುಡುಗ ಒಲ್ಲೆನೆಂದರೆ ಆ ಮಾತಿಗೆ ಬೆಲೆಯುಂಟು. ಇಷ್ಟೆಲ್ಲ ಆದರೂ ಅಪಾಯ ಸೊನ್ನೆಯಾಗುವುದಿಲ್ಲ ಎಂದೂ ಹೇಳಬೇಕು, ಅದನ್ನು ಮುಚ್ಚಿಟ್ಟವನಿಗೆ ಉಳಿದದ್ದನ್ನು ಹೇಳುವ ಹಕ್ಕಿಲ್ಲ.

ಸರಕಾರ 2007ರಲ್ಲಿ ಪ್ರಯೋಗಗಳ ಒಂದು ನೋಂದಣಿ ಪುಸ್ತಕವನ್ನು ತೆರೆಯಿತು. 2009ರಿಂದ ಅದರಲ್ಲಿ ದಾಖಲಾಗದೆ ಔಷಧ ಪ್ರಯೋಗ ನಡೆಸುವಂತಿಲ್ಲ. ಯಾರು ಬೇಕಾದರೂ ನೋಡಬಹುದು, ಇಂಗ್ಲಿಷ್ ಬಂದರೆ. ನಮ್ಮ ತಾಲೂಕು ಆಸ್ಪತ್ರೆಗಳ ಗೋಡೆಯ ಮೇಲೆ ಹಾವು ಕಡಿದರೆ ಏನು ಮಾಡಬೇಕು, ಗರ್ಭಿಣಿ ಏನು ತಿನ್ನಬೇಕು ಎಂದು ಬಣ್ಣದಲ್ಲಿ ಬರೆಸುತ್ತಾರೆ. ಹುಬ್ಬಳ್ಳಿ, ದಾವಣಗೆರೆ, ಬೆಳಗಾವಿಗಳಲ್ಲಿ ನಡೆದಿರುವ ಮಕ್ಕಳ ಪ್ರಯೋಗಗಳು ಯಾವುವು, ಮುಗಿದವುಗಳಿಂದ ತಿಳಿದದ್ದೇನು ಎಂದು ಒಂದು ಹಾಳೆ ಕನ್ನಡದಲ್ಲಿ ಅಂಟಿಸಲು ಎಷ್ಟು ಖರ್ಚಾದೀತು? ಹಾನಗಲ್ಲಿನವರು ಕೂಸನ್ನೆತ್ತಿಕೊಂಡು ಹುಬ್ಬಳ್ಳಿಯ ಬಸ್ಸು ಹತ್ತುತ್ತಾರೆ, ಹಿರೇಕೆರೂರಿನವರು ದಾವಣಗೆರೆಯ ಬಸ್ಸು. ಅವರ ಮಕ್ಕಳ ವಿಷಯ ಅವರೂರಿನ ಗೋಡೆಯ ಮೇಲೆ ಇರಬೇಡವೇ?

ಇಲ್ಲಿ ಒಂದು ಕಠಿಣ ಮಾತು ಉಳಿದಿದೆ. ಭಾಷೆ ತಿಳಿಯಾದರೂ ಬಡತನ ತಿಳಿಯಾಗುವುದಿಲ್ಲ. ಪುಕ್ಕಟೆ ಔಷಧ, ಪುಕ್ಕಟೆ ತಪಾಸಣೆ, ಬಸ್ಸಿನ ಖರ್ಚು ಕೊಡುತ್ತಾರೆಂದರೆ ಸಾಲದಲ್ಲಿರುವ ತಂದೆ ಹದಿನಾಲ್ಕು ಪುಟ ಓದದೆಯೇ ಹೂಂ ಎನ್ನುತ್ತಾನೆ. ಪ್ರಯೋಗ ಮುಗಿದು ಔಷಧ ಪೇಟೆಗೆ ಬಂದಾಗ ಅದರ ಬೆಲೆ ಕೇಳಿ ಅವನೇ ಹಿಂದಿರುಗುತ್ತಾನೆ. ಬಡವರ ಬಸ್ತಿಯಲ್ಲಿ ಪರೀಕ್ಷೆಯಾದ ಸತುವಿನ ಗುಳಿಗಿ ಬಡವರ ಅಂಗನವಾಡಿಗೆ ಬಂದದ್ದು ಸರಿಯಾದ ಲೆಕ್ಕ. ಎಲ್ಲ ಔಷಧಗಳ ಲೆಕ್ಕ ಹಾಗೆ ಚುಕ್ತಾ ಆಗಿಲ್ಲ. ನಮ್ಮ ಮಕ್ಕಳಲ್ಲಿ ನೋಡಿದ ಔಷಧ ನಮ್ಮ ಸರಕಾರಿ ದವಾಖಾನಿಗೆ ಬರುತ್ತದೆಯೋ ಇಲ್ಲವೋ ಎಂಬುದನ್ನು ಸಹಿ ಹಾಕುವ ಮೊದಲೇ ಕೇಳಬೇಕು, ಕೇಳಿದವರಿಗೆ ಸಿಡುಕದೆ ಉತ್ತರ ಕೊಡಬೇಕು.

ಸವಣೂರಿನ ಆ ತಾಯಿಗೆ ಎರಡು ಸಂಜೆ ಕೂತು ಹದಿನಾಲ್ಕೂ ಪುಟ ಓದಿ ಹೇಳಿದೆ. ಚೀಟಿ ಎತ್ತುವುದು, ಸೀಸೆಯ ಗುಟ್ಟು, ತಿಂಗಳಿಗೊಮ್ಮೆ ರಕ್ತ ತೆಗೆಯುವುದು ಎಲ್ಲ ಅವಳಿಗೆ ತಿಳಿಯಿತು. ಕೊನೆಗೆ ಕೇಳಿದ್ದು ಒಂದೇ: "ಒಲ್ಲೆ ಅಂದ್ರ ಡಾಕ್ಟರ್ ಸಿಟ್ಟಾಗಿ ಈಗಿನ ಔಷಧಾನೂ ಬಂದ್ ಮಾಡತಾರೇನ್ರಿ?" ಮಾಡುವಂತಿಲ್ಲ, ಒಲ್ಲೆನೆಂದರೂ ನಡುವೆ ಬಿಟ್ಟು ಬಂದರೂ ಎಂದಿನ ಚಿಕಿತ್ಸೆ ತಪ್ಪುವುದಿಲ್ಲ ಎಂದು ಆ ಕಟ್ಟಿನಲ್ಲೇ ಇತ್ತು, ಹನ್ನೊಂದನೆಯ ಪುಟದ ಕೆಳಗೆ. ಆ ಸಾಲಿಗೆ ಪೆನ್ಸಿಲ್ಲಿನ ಗೆರೆ ಎಳೆದು ಕೊಟ್ಟೆ. ಅದನ್ನು ಮೊದಲನೆಯ ಪುಟಕ್ಕೆ ತನ್ನಿರೆಂದು ದವಾಖಾನಿಗೆ ಬರೆದ ಕಾಗದಕ್ಕೆ ಇನ್ನೂ ಉತ್ತರ ಬಂದಿಲ್ಲ.